ಕಂತ್ರಾಕಿಗಳ ಮೊಮ್ಮಕ್ಕಳು: ಡಚ್ಚರ ನಾಡಿನಲ್ಲಿ ಉಳಿದ ಹಾಡು, ಕ್ಷೀಣಿಸುತ್ತಿರುವ ಮಾತು

ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುವ ನಮ್ಮಲ್ಲಿ ಯಾರ ಪೆಟ್ಟಿಗೆಯನ್ನು ತೆರೆದು ನೋಡಿದರೂ ಪ್ಲಾಸ್ಟಿಕ್ ಕವರಿನೊಳಗೆ ಜೋಪಾನವಾಗಿ ಇಟ್ಟ ಒಂದು ಕಾಗದ ಸಿಗುತ್ತದೆ. ಅದು ಕೆಲಸದ ಒಪ್ಪಂದ. ಎಷ್ಟು ವರ್ಷ, ಎಷ್ಟು ಸಂಬಳ, ದಿನಕ್ಕೆ ಎಷ್ಟು ಗಂಟೆ, ಊರಿಗೆ ಹೋಗುವ ಟಿಕೆಟ್ ಯಾರದು ಎಂಬುದೆಲ್ಲ ಅದರಲ್ಲಿ ಬರೆದಿರುತ್ತದೆ. ನಾವು ಊರು ಬಿಟ್ಟು ಇಲ್ಲಿಗೆ ಬಂದದ್ದು ಆ ಕಾಗದದ ಬಲದ ಮೇಲೆ. ಆದರೆ ಬರುವಾಗ ಆ ಕಾಗದದಲ್ಲಿ ಇಲ್ಲದ ಎಷ್ಟೋ ಸಂಗತಿಗಳನ್ನೂ ಹೊತ್ತು ತಂದಿದ್ದೇವೆ. ಅಜ್ಜಿ ಹೇಳುತ್ತಿದ್ದ ಕತೆ, ಮದುವೆ ಮನೆಯ ಸೋಬಾನೆ, ರಾತ್ರಿಯಿಡೀ ಕೂತು ನೋಡಿದ ಆಟದ ಚೆಂಡೆಯ ಪೆಟ್ಟು, ಗದ್ದೆ ನಾಟಿಯ ಹಾಡು. ವಿಮಾನ ನಿಲ್ದಾಣದ ತೂಕದ ಯಂತ್ರಕ್ಕೆ ಇವು ಯಾವುವೂ ಸಿಗುವುದಿಲ್ಲ.

ಇಂಥದ್ದೇ ಒಪ್ಪಂದದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿ, ಸುಮಾರು 150 ವರ್ಷಗಳ ಹಿಂದೆ ನಮ್ಮ ದೇಶದಿಂದ ಹೊರಟ ಜನರ ಕತೆಯನ್ನು ಈ ವರ್ಷದ ಸಂಚಿಕೆಯಲ್ಲಿ ಹೇಳಬೇಕೆಂದು ನಮಗೆ ಅನಿಸಿತು. ಅವರು ಕನ್ನಡಿಗರಲ್ಲ; ಇಂದಿನ ಬಿಹಾರ, ಉತ್ತರ ಪ್ರದೇಶಗಳ ಹಳ್ಳಿಗರು. ಅವರ ಮೊಮ್ಮಕ್ಕಳು, ಮರಿಮಕ್ಕಳು ಇಂದು ನೆದರ್‌ಲೆಂಡ್ಸ್‌ನಲ್ಲಿದ್ದಾರೆ. ಎರಡು ಸಾಗರಗಳನ್ನು ದಾಟಿದ ಮೇಲೂ ಅವರಲ್ಲಿ ಏನು ಉಳಿಯಿತು, ಏನು ಉಳಿಯಲಿಲ್ಲ, ಯಾಕೆ ಎಂದು ತಿಳಿದುಕೊಂಡರೆ ನಮ್ಮ ಮನೆಯ ಲೆಕ್ಕವೂ ಸ್ವಲ್ಪ ಸ್ಪಷ್ಟವಾದೀತು.

ಲಲ್ಲಾ ರೂಖ್ ಎಂಬ ಹಡಗು

ದಕ್ಷಿಣ ಅಮೆರಿಕದ ಉತ್ತರ ಅಂಚಿನಲ್ಲಿರುವ ಸುರಿನಾಮ್ ಅಂದು ಡಚ್ಚರ ವಸಾಹತು. ಅಲ್ಲಿನ ಕಬ್ಬು, ಕೊಕೊ, ಕಾಫಿ ತೋಟಗಳಲ್ಲಿ ಆಫ್ರಿಕಾದಿಂದ ತಂದ ಗುಲಾಮರು ದುಡಿಯುತ್ತಿದ್ದರು. 1863ರ ಜುಲೈ 1ರಂದು ಡಚ್ಚರು ಗುಲಾಮಗಿರಿಯನ್ನು ರದ್ದು ಮಾಡಿದರು. ಆದರೂ ಬಿಡುಗಡೆಯಾದವರು ಇನ್ನೂ ಹತ್ತು ವರ್ಷ ಸರಕಾರದ ಮೇಲ್ವಿಚಾರಣೆಯಲ್ಲಿ ತೋಟಗಳಲ್ಲೇ ದುಡಿಯಬೇಕೆಂಬ ಕಟ್ಟಳೆ ಇತ್ತು. ಆ ಹತ್ತು ವರ್ಷ 1873ರಲ್ಲಿ ಮುಗಿಯಿತು. ಜನ ತೋಟ ಬಿಟ್ಟು ಹೊರಟರು. ತೋಟದ ಒಡೆಯರಿಗೆ ಆಳು ಬೇಕಾಯಿತು.

ಅದಕ್ಕೆ ಬೇಕಾದ ಸಿದ್ಧತೆ ಮೊದಲೇ ಆಗಿತ್ತು. 1870ರ ಸೆಪ್ಟೆಂಬರ್ 8ರಂದು ಹೇಗ್ ನಗರದಲ್ಲಿ ಬ್ರಿಟಿಷರಿಗೂ ಡಚ್ಚರಿಗೂ ಒಂದು ಒಪ್ಪಂದವಾಗಿತ್ತು. ಅದರಂತೆ ಬ್ರಿಟಿಷ್ ಭಾರತದಿಂದ ಸುರಿನಾಮಿಗೆ ಕೂಲಿಗಳನ್ನು ನೇಮಿಸಿಕೊಳ್ಳಲು ಅನುಮತಿ ಸಿಕ್ಕಿತು. 1873ರ ಫೆಬ್ರವರಿ 26ರಂದು ‘ಲಲ್ಲಾ ರೂಖ್’ ಎಂಬ ಹಡಗು ಕಲ್ಕತ್ತೆಯಿಂದ ಹೊರಟು ಜೂನ್ 5ರಂದು ಸುರಿನಾಮಿನ ಪಾರಾಮಾರಿಬೊ ತಲುಪಿತು. ಮೂರು ತಿಂಗಳಿಗೂ ಮೀರಿದ ಪಯಣ. ದಡ ಸೇರಿದವರು 399 ಜನ. ಕೆಲವರು ದಾರಿಯಲ್ಲೇ ತೀರಿಕೊಂಡಿದ್ದರು. ಅಂದಿನಿಂದ 1916ರವರೆಗೆ 64 ಹಡಗುಗಳಲ್ಲಿ 34,000ಕ್ಕೂ ಹೆಚ್ಚು ಜನ ಹೀಗೆ ಹೋದರು.

ಒಪ್ಪಂದ ಐದು ವರ್ಷದ್ದು. ಗಟ್ಟಿಮುಟ್ಟಾದ ಗಂಡಾಳಿಗೆ ದಿನಕ್ಕೆ 60 ಸೆಂಟ್, ಹೆಂಗಸರಿಗೆ 40 ಸೆಂಟ್. ಅವಧಿ ಮುಗಿದ ಮೇಲೆ ಊರಿಗೆ ಮರಳಲು ಹಡಗಿನ ವೆಚ್ಚ ಸರಕಾರದ್ದು. ಕಾಗದದ ಮೇಲೆ ಚೆನ್ನಾಗಿಯೇ ಇತ್ತು. ಆದರೆ ಕೆಲಸಕ್ಕೆ ಬಾರದೆ ಹೋದರೆ, ಮಾತು ಕೇಳದಿದ್ದರೆ ಅದು ಬರೀ ಸಂಬಳ ಕಡಿತದ ವಿಷಯವಾಗಿರಲಿಲ್ಲ. ಅಪರಾಧವೆಂದು ಜೈಲಿಗೆ ಹಾಕಬಹುದಿತ್ತು. ಅನುಮತಿ ಚೀಟಿಯಿಲ್ಲದೆ ತೋಟ ಬಿಟ್ಟು ತಿರುಗಾಡುವಂತಿರಲಿಲ್ಲ. 1902ರ ಜುಲೈ ತಿಂಗಳಲ್ಲಿ ಮರಿಯನ್‌ಬರ್ಗ್ ಎಂಬ ಸಕ್ಕರೆ ತೋಟದಲ್ಲಿ ಕೂಲಿಯ ವಿಷಯಕ್ಕೆ ಜಗಳವಾಗಿ ತೋಟದ ಮ್ಯಾನೇಜರನ ಕೊಲೆಯಾಯಿತು. ಮರುದಿನ ಸೈನಿಕರು ಹಾರಿಸಿದ ಗುಂಡಿಗೆ ಇಪ್ಪತ್ತಕ್ಕೂ ಹೆಚ್ಚು ಕೂಲಿಗಳು ಬಲಿಯಾದರು.

ಫಿಜಿಗೆ ಹೋದವರು ‘ಅಗ್ರಿಮೆಂಟ್’ ಎಂಬ ಮಾತನ್ನು ‘ಗಿರ್ಮಿಟ್’ ಮಾಡಿಕೊಂಡರು. ತಮ್ಮನ್ನು ಗಿರ್ಮಿಟಿಯಾ ಎಂದು ಕರೆದುಕೊಂಡರು. ನಮ್ಮ ಹುಬ್ಬಳ್ಳಿ–ಧಾರವಾಡದ ಗೆಳೆಯರು ಸಂಜೆ ಮಂಡಕ್ಕಿಯಲ್ಲಿ ಕಲಸಿ ತಿನ್ನುವ ಗಿರಮಿಟ್ಟಿಗೂ ಇದಕ್ಕೂ ಸಂಬಂಧ ಕಟ್ಟಬೇಡಿ. ಸುರಿನಾಮಿಗೆ ಹೋದವರು ಡಚ್ಚರ ‘ಕಾಂಟ್ರಾಕ್ಟ್’ ಎಂಬ ಮಾತಿನಿಂದ ‘ಕಂತ್ರಾಕಿ’ಗಳಾದರು. ಏಜೆಂಟರು ಅವರಿಗೆ ಹೇಳಿದ ದೇಶದ ಹೆಸರೇ ಬೇರೆ: ‘ಶ್ರೀರಾಮ್ ಟಾಪು’, ಅಂದರೆ ಶ್ರೀರಾಮನ ದ್ವೀಪ. ಸುರಿನಾಮ್ ಎಂಬ ಪರದೇಶದ ಹೆಸರನ್ನು ದೇವರ ಹೆಸರಾಗಿ ತಿರುಚಿ ನಂಬಿಸಿದ ಏಜೆಂಟನ ಜಾಣತನ ನಮ್ಮವರಿಗೆ ಹೊಸದಾಗಿ ವಿವರಿಸಬೇಕಾಗಿಲ್ಲ.

ಪೆಟ್ಟಿಗೆಯಲ್ಲಿ ಇರದಿದ್ದ ಸಾಮಾನು

ಹೀಗೆ ಹೋದವರಲ್ಲಿ ಓದು ಬಲ್ಲವರು ಕಡಿಮೆ. ಆದರೂ ಒಬ್ಬರ ಬರಹ ನಮಗೆ ಸಿಗುತ್ತದೆ. ಅವರು ಮುನ್ಶಿ ರಹಮಾನ್ ಖಾನ್ (1874–1972). ಉತ್ತರ ಪ್ರದೇಶದ ಹಮೀರ್‌ಪುರ ಜಿಲ್ಲೆಯವರು, ಶಾಲೆಯಲ್ಲಿ ಪಾಠ ಹೇಳುತ್ತಿದ್ದವರು. ಏಜೆಂಟರ ಮಾತಿಗೆ ಮರುಳಾಗಿ 1898ರಲ್ಲಿ ಸುರಿನಾಮ್ ಸೇರಿದರು. ಕಬ್ಬಿನ ತೋಟದಲ್ಲಿ ದುಡಿದರು, ಮುಂದೆ ಸರದಾರರಾದರು, ಅಂದರೆ ಆಳುಗಳ ಮೇಸ್ತ್ರಿ. ‘ಜೀವನ ಪ್ರಕಾಶ’ ಎಂಬ ಹೆಸರಿನಲ್ಲಿ ತಮ್ಮ ಬದುಕನ್ನು ಬರೆದಿಟ್ಟರು. ಹೀಗೆ ದುಡಿಯಲು ಹೋದ ಲಕ್ಷಾಂತರ ಕೂಲಿಗಳಲ್ಲಿ ತಮ್ಮ ಕತೆಯನ್ನು ತಾವೇ ಬರೆದವರು ಬೆರಳೆಣಿಕೆಯಷ್ಟು. ಈ ಮುಸಲ್ಮಾನ ಮೇಸ್ತ್ರಿ ತುಳಸೀದಾಸರ ರಾಮಾಯಣವನ್ನು ಬಲ್ಲವರಾಗಿದ್ದು, ಅದನ್ನು ಹಿಂದೂ ಕೂಲಿಗಳಿಗೆ ಓದಿ ಹೇಳಿಕೊಡುತ್ತಿದ್ದರು. ಬಹರೈನ್‌ನಲ್ಲೋ ದೋಹಾದಲ್ಲೋ ಒಂದೇ ಕೋಣೆಯಲ್ಲಿ ಎಂಟು ಮಂದಿ ಮಲಗಿ ಬದುಕಿದವರಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣದು. ಊರಿನಲ್ಲಿ ಬೇರೆ ಬೇರೆ ಕೇರಿಯವರಾಗಿದ್ದವರು ಪರದೇಶದಲ್ಲಿ ಒಂದೇ ಪಾತ್ರೆಯಲ್ಲಿ ಉಣ್ಣುತ್ತಾರೆ.

ತೋಟದ ಕೆಲಸ ಮುಗಿದ ಸಂಜೆ ಇವರು ಕೂತು ಹಾಡುತ್ತಿದ್ದರು. ಕೂತು ಹಾಡುವುದಕ್ಕೇ ‘ಬೈಠಕ್ ಗಾನಾ’ ಎಂಬ ಹೆಸರು ಬಂತು. ಅದಕ್ಕೆ ಬೇಕಾದ ವಾದ್ಯ ಮೂರೇ: ಹಾರ್ಮೋನಿಯಂ, ಢೋಲಕ್, ದಂಡ್‌ತಾಲ್. ದಂಡ್‌ತಾಲ್ ಎಂದರೆ ಉದ್ದನೆಯ ಕಬ್ಬಿಣದ ಸರಳು ಮತ್ತು ಕುದುರೆ ಲಾಳದಂತೆ ಬಾಗಿಸಿದ ಇನ್ನೊಂದು ಕಬ್ಬಿಣದ ತುಂಡು. ಒಂದರಿಂದ ಇನ್ನೊಂದಕ್ಕೆ ಬಡಿದರೆ ತಾಳ. ಅಂಗಡಿಯಲ್ಲಿ ಕೊಳ್ಳಬೇಕಾಗಿಲ್ಲ, ಕಮ್ಮಾರನಿದ್ದರೆ ಸಾಕು.

ಹೆಂಗಸರ ಹಾಡುಗಳು ಬೇರೆ ಇದ್ದವು. ಮಗು ಹುಟ್ಟಿದಾಗ ಸೋಹರ್, ಮದುವೆಯ ಮುನ್ನ ಮಣ್ಣು ತರುವ ‘ಮಟ್‌ಕೋರ್’ ಶಾಸ್ತ್ರದ ಹಾಡು. ಇವುಗಳನ್ನು ಯಾರೂ ‘ಸಂಸ್ಕೃತಿ ರಕ್ಷಣೆ’ ಎಂದುಕೊಂಡು ಹಾಡಲಿಲ್ಲ. ಮದುವೆಯಾಗಬೇಕಾದರೆ ಆ ಹಾಡು ಬೇಕಿತ್ತು, ಹಾಡಿದರು. ಹಾಡಿಗೆ ಮನೆಯಲ್ಲಿ ಒಂದು ಕೆಲಸವಿದ್ದುದರಿಂದ ಹಾಡು ಉಳಿಯಿತು. 1968ರಲ್ಲಿ ದ್ರೋಪತಿ ಎಂಬ ಗಾಯಕಿ ಇಂಥ ಮದುವೆ ಹಾಡುಗಳನ್ನೇ ಧ್ವನಿಮುದ್ರಿಕೆಯಲ್ಲಿ ಹಾಡಿ ಮನೆಮಾತಾದರು. ಮುಂದೆ 1970ರ ದಶಕದಲ್ಲಿ ರಾಮದೇವ್ ಚೈತು ಅವರ ಬೈಠಕ್ ಗಾನದ ತಟ್ಟೆಗಳು ಮನೆಮನೆಯಲ್ಲಿ ತಿರುಗಿದವು.

ಬಂದವರಲ್ಲಿ ಸುಮಾರು ಮೂರನೇ ಒಂದು ಭಾಗದಷ್ಟು ಜನ ಅವಧಿ ಮುಗಿಸಿ ಭಾರತಕ್ಕೆ ಮರಳಿದರು. ಉಳಿದವರು ಅಲ್ಲೇ ನೆಲೆಸಿದರು. 1895ರಿಂದ ಮರಳುವ ಹಕ್ಕನ್ನು ಬಿಟ್ಟುಕೊಟ್ಟವರಿಗೆ ಸರಕಾರ 100 ಗಿಲ್ಡರ್ ಕೊಡುತ್ತಿತ್ತು, ಸಾಗುವಳಿಗೆ ಭೂಮಿಯನ್ನೂ ಕೊಡುತ್ತಿತ್ತು. ಐದು ವರ್ಷವೆಂದು ಬಂದವರ ಬದುಕು ಹೀಗೆ ಅಲ್ಲೇ ಮುಗಿಯಿತು. ‘ಇನ್ನೆರಡು ವರ್ಷ, ಆಮೇಲೆ ಊರಿಗೆ’ ಎಂದು ಇಪ್ಪತ್ತು ವರ್ಷದಿಂದ ಹೇಳುತ್ತಿರುವ ಹಿರಿಯರು ನಮ್ಮ ಕೂಟದಲ್ಲೂ ಇದ್ದಾರೆ. ಅವರಿಗೆ ಈ ಮಾತು ಅರ್ಥವಾಗುತ್ತದೆ.

ಎರಡನೆಯ ವಲಸೆ

1927ರ ಕಾನೂನಿನಿಂದ ಸುರಿನಾಮಿನಲ್ಲಿ ಹುಟ್ಟಿದ ಭಾರತೀಯ ಮೂಲದವರು ಡಚ್ ಪ್ರಜೆಗಳಾದರು. 1975ರ ನವೆಂಬರ್ 25ರಂದು ಸುರಿನಾಮ್ ಸ್ವತಂತ್ರವಾಯಿತು. ಹೊಸ ದೇಶದಲ್ಲಿ ತಮ್ಮ ಗತಿಯೇನೋ ಎಂಬ ಅಂಜಿಕೆಯಿಂದ ಸಾವಿರಾರು ಕುಟುಂಬಗಳು ಸ್ವಾತಂತ್ರ್ಯದ ಮುನ್ನವೇ ವಿಮಾನ ಹತ್ತಿ ನೆದರ್‌ಲೆಂಡ್ಸ್ ಸೇರಿದವು. 1980ರವರೆಗೆ ಹೋಗಲು ಅವಕಾಶವಿತ್ತು. ಆ ಗಡುವು ಮುಗಿಯುವ ಹೊತ್ತಿಗೆ ಮತ್ತೊಂದು ದೊಡ್ಡ ಅಲೆ ಹೋಯಿತು. ಇಂದು ಸುರಿನಾಮ್ ಮೂಲದ ಸುಮಾರು ಮೂರೂವರೆ ಲಕ್ಷ ಜನ ನೆದರ್‌ಲೆಂಡ್ಸ್‌ನಲ್ಲಿದ್ದಾರೆ. ಅವರಲ್ಲಿ ಭಾರತ ಮೂಲದವರು ಒಂದೂವರೆ ಲಕ್ಷಕ್ಕೂ ಹೆಚ್ಚೆಂದು ಅಂದಾಜು. ಅವರನ್ನು ಅಲ್ಲಿ ‘ಹಿಂದೋಸ್ತಾನಿಗಳು’ ಎನ್ನುತ್ತಾರೆ. ಅವರಲ್ಲಿ ಹಿಂದೂಗಳೂ ಇದ್ದಾರೆ, ಮುಸಲ್ಮಾನರೂ ಇದ್ದಾರೆ.

ಇವರಲ್ಲಿ ಬಹಳ ಮಂದಿ ನೆಲೆಸಿದ್ದು ಹೇಗ್ ನಗರದಲ್ಲಿ. 1870ರಲ್ಲಿ ಇವರ ಅಜ್ಜಂದಿರ ಹಣೆಬರಹಕ್ಕೆ ಸಹಿ ಬಿದ್ದ ಊರು ಅದೇ. ಆ ನಗರದ ಟ್ರಾನ್ಸ್‌ವಾಲ್ ಬಡಾವಣೆಯಲ್ಲಿ ಇಂದು ಸೀರೆ ಅಂಗಡಿಗಳಿವೆ, ರೊಟ್ಟಿ–ಕೋಳಿ ಸಾರಿನ ಹೋಟೆಲುಗಳಿವೆ, ಬಡಾ ಕರಿದು ಮಾರುವವರಿದ್ದಾರೆ. ಹೋಳಿಯ ದಿನ ಬಣ್ಣದ ಮೆರವಣಿಗೆ ಹೊರಡುತ್ತದೆ. ಹೊಬ್ಬೆಮಾ ಚೌಕದಲ್ಲಿ 2004ರ ಅಕ್ಟೋಬರ್ 2ರಿಂದ ಗಾಂಧೀಜಿಯ ಪ್ರತಿಮೆ ನಿಂತಿದೆ. ಬೇಸಿಗೆಯಲ್ಲಿ ‘ಮಿಲನ್’ ಹೆಸರಿನ ದೊಡ್ಡ ಜಾತ್ರೆ. 1988ರಲ್ಲಿ ಈ ನಗರದಲ್ಲಿ ಮೊದಲ ಹಿಂದೂ ಪ್ರಾಥಮಿಕ ಶಾಲೆ ಶುರುವಾಯಿತು. 1993ರಲ್ಲಿ ‘ಓಎಚ್‌ಎಂ’ ಎಂಬ ಹಿಂದೂ ಪ್ರಸಾರ ಸಂಸ್ಥೆಗೆ ದೇಶದ ಸಾರ್ವಜನಿಕ ರೇಡಿಯೊ ಮತ್ತು ಟಿವಿಯಲ್ಲಿ ಸಮಯ ಸಿಕ್ಕಿತು. ಹೊರಗಿನಿಂದ ನೋಡಿದವರಿಗೆ ಎಲ್ಲವೂ ಉಳಿದಿದೆ ಎಂದೇ ಅನಿಸುತ್ತದೆ.

ಮಾತಿನ ಕತೆ

ಆದರೆ ಮಾತಿನ ಕತೆ ಬೇರೆ. ಭೋಜಪುರಿ, ಅವಧಿ, ಮಗಹಿ, ಮೈಥಿಲಿ ಆಡುತ್ತಿದ್ದವರು ಒಂದೇ ತೋಟದ ಸಾಲು ಮನೆಗಳಲ್ಲಿ ಕೂಡಿ ಬದುಕಿದಾಗ ಎಲ್ಲರಿಗೂ ಒಗ್ಗುವ ಒಂದು ಹೊಸ ಮಾತು ಹುಟ್ಟಿತು. ಅದರೊಳಗೆ ಡಚ್ ಪದಗಳೂ ಅಲ್ಲಿನ ಆಫ್ರಿಕನ್ ಮೂಲದವರ ಸ್ರಾನನ್ ಭಾಷೆಯ ಪದಗಳೂ ಸೇರಿಕೊಂಡವು. ಅದನ್ನು ಈಗ ‘ಸರ್ನಾಮಿ’ ಎನ್ನುತ್ತಾರೆ. ಮನೆಯಲ್ಲಿ, ಹೊಲದಲ್ಲಿ, ಜಗಳದಲ್ಲಿ, ಪ್ರೀತಿಯಲ್ಲಿ ಅವರಿಗೆ ಇದೇ ಮಾತು.

ಆದರೆ ಅದಕ್ಕೆ ಮರ್ಯಾದೆ ಇರಲಿಲ್ಲ. ಸುರಿನಾಮಿನಲ್ಲಿ 1876ರಿಂದ ಶಾಲೆ ಕಡ್ಡಾಯವಾಗಿತ್ತು. ಕಲಿಕೆ ಡಚ್ ಭಾಷೆಯಲ್ಲಿ. ಪೂಜೆ–ಪ್ರವಚನಕ್ಕೆ ಶುದ್ಧ ಹಿಂದಿ, ಮಸೀದಿಯಲ್ಲಿ ಉರ್ದು. ಸರ್ನಾಮಿ ಎಂದರೆ ‘ಮುರುಕು ಹಿಂದಿ’ ಎಂದು ಆಡುವವರೇ ನಾಚಿಕೊಳ್ಳುತ್ತಿದ್ದರು. ನೆದರ್‌ಲೆಂಡ್ಸ್‌ಗೆ ಬಂದ ಮೇಲೆ ಇದು ಇನ್ನೂ ಹೆಚ್ಚಾಯಿತು. ಮಕ್ಕಳು ಶಾಲೆಯಲ್ಲಿ ಹಿಂದೆ ಬೀಳಬಾರದೆಂದು ತಂದೆತಾಯಿಗಳೇ ಮನೆಯಲ್ಲಿ ಡಚ್ ಆಡತೊಡಗಿದರು. ಅವರನ್ನು ಬೈಯುವ ಹಕ್ಕು ನಮಗಿಲ್ಲ. ನಾವೂ ಅದನ್ನೇ ಮಾಡುತ್ತಿದ್ದೇವೆ.

ಆಗ ಕೆಲವರು ಎದ್ದು ನಿಂತರು. ವಿಶೇಷವೆಂದರೆ, ಸರ್ನಾಮಿ ಬರವಣಿಗೆಯ ಚಳವಳಿ ಬಲವಾಗಿ ಬೆಳೆದದ್ದು ಸುರಿನಾಮಿನಲ್ಲಲ್ಲ, ದೂರದ ನೆದರ್‌ಲೆಂಡ್ಸ್‌ನಲ್ಲಿ. ಹೇಗ್‌ನಲ್ಲಿ ವೈದ್ಯರಾಗಿದ್ದ ಜಿತ್ ನಾರಾಯಣ್ 1970ರ ದಶಕದ ಕೊನೆಯಲ್ಲಿ ಸರ್ನಾಮಿಯಲ್ಲಿ ಕವಿತೆ ಬರೆದು ಪ್ರಕಟಿಸಿದರು. ಅವರ ಮೊದಲ ಸಂಕಲನದ ಹೆಸರು ‘ದಾಲ್ ಭಾತ್ ಚಟ್ನಿ’. ಪುಸ್ತಕದ ಹೆಸರಿನಲ್ಲೇ ಬಡವರ ಊಟದ ತಟ್ಟೆಯನ್ನು ಇಟ್ಟರು. ರಬಿನ್ ಬಲ್ದೇವ್‌ಸಿಂಗ್ 1984ರಲ್ಲಿ ‘ಸ್ತೀಫಾ’ ಎಂಬ ಕಾದಂಬರಿ ಬರೆದರು. ಅದು ಸರ್ನಾಮಿಯ ಮೊದಲ ಕಾದಂಬರಿ. ಮುಂದೆ ಇದೇ ಲೇಖಕರು ಹೇಗ್ ನಗರಾಡಳಿತದಲ್ಲಿ ಹನ್ನೆರಡು ವರ್ಷ ಹೊಣೆಯ ಸ್ಥಾನದಲ್ಲಿದ್ದರು. 1985ರಲ್ಲಿ ಮೋತಿಲಾಲ್ ಮರ್ಹೆ ಸರ್ನಾಮಿಯ ವ್ಯಾಕರಣ ಬರೆದರು. 1987ರಲ್ಲಿ ಜಿತ್ ನಾರಾಯಣ್ ಮತ್ತು ಡಚ್ ವಿದ್ವಾಂಸ ಥಿಯೊ ದಾಮ್‌ಸ್ಟೀಖ್ಟ್ ಸೇರಿ ‘ಕಾ ಹಾಲ್’ ಎಂಬ ಕಲಿಕೆಯ ಪುಸ್ತಕ ಹೊರತಂದರು. ‘ಹೇಗಿದ್ದೀರಿ’ ಎಂಬುದು ಆ ಹೆಸರಿನ ಅರ್ಥ. ಅತ್ತ ಸುರಿನಾಮ್ ಸರಕಾರ 1986ರಲ್ಲಿ ಸರ್ನಾಮಿಗೆ ರೋಮನ್ ಲಿಪಿಯ ಅಧಿಕೃತ ಬರವಣಿಗೆ ಕ್ರಮವನ್ನು ಒಪ್ಪಿಕೊಂಡಿತು.

ಕೇವಲ ಹತ್ತು ವರ್ಷದಲ್ಲಿ ಕವಿತೆ, ಕಾದಂಬರಿ, ವ್ಯಾಕರಣ, ಪಠ್ಯಪುಸ್ತಕ, ಬರವಣಿಗೆಯ ಕ್ರಮ ಎಲ್ಲವೂ ಆಯಿತು. ಮಾಡಿದವರು ಕೆಲಸದ ನಡುವೆ ಬಿಡುವು ಮಾಡಿಕೊಂಡ ಕೆಲವೇ ಮಂದಿ.

ಆದರೂ ಇಂದು ಹೇಗ್ ನಗರದ ಎಳೆಯರು ಸರ್ನಾಮಿಯನ್ನು ಕೇಳಿ ತಿಳಿಯುತ್ತಾರೆ, ಉತ್ತರ ಕೊಡುವುದು ಡಚ್‌ನಲ್ಲಿ. ಅವರ ಮಕ್ಕಳಿಗೆ ಅಷ್ಟೂ ಗೊತ್ತಿರುವುದಿಲ್ಲ. ಬೈಠಕ್ ಗಾನಾ ಮದುವೆಗಳಲ್ಲಿ ಇಂದಿಗೂ ನಡೆಯುತ್ತದೆ, ಎಳೆಯರು ಕುಣಿಯುತ್ತಾರೆ. ಹಾಡಿನ ಮಾತು ಮಾತ್ರ ಅರ್ಥವಾಗುವುದಿಲ್ಲ. ರಾಜ್ ಮೋಹನ್ ಎಂಬ ಗಾಯಕರು 2005ರಲ್ಲಿ ‘ಕಂತ್ರಾಕಿ’ ಎಂಬ ಹೆಸರಿನಲ್ಲೇ ಸರ್ನಾಮಿ ಹಾಡುಗಳನ್ನು ಹೊರತಂದು ಈ ಕಂದಕಕ್ಕೆ ಸಂಕ ಹಾಕಲು ನೋಡಿದರು. ಪ್ರಸಾರ ಸಂಸ್ಥೆ ಓಎಚ್‌ಎಂ ಸರಕಾರದ ಹಣ ನಿಂತು 2015ರ ಕೊನೆಗೆ ಮುಚ್ಚಿತು. ಇಪ್ಪತ್ತೆರಡು ವರ್ಷ ನಡೆದ ಸಂಸ್ಥೆ ಒಂದು ನಿರ್ಧಾರಕ್ಕೆ ನಿಂತುಹೋಯಿತು. ಹೊರಗಿನ ಹಣದ ಮೇಲೆ ನಿಂತದ್ದು ಹೊರಗಿನವರ ಮನಸ್ಸು ಬದಲಾದೊಡನೆ ನಿಲ್ಲುತ್ತದೆ.

ಪಟ್ಟಿಗಳು ಮತ್ತು ಅವುಗಳ ಮಿತಿ

ಇಂಥ ಹಾಡು, ಕುಣಿತ, ಶಾಸ್ತ್ರ, ಕೈಕಸುಬುಗಳನ್ನು ಕಾಪಾಡಬೇಕೆಂದು ಯುನೆಸ್ಕೊ 2003ರಲ್ಲಿ ಒಂದು ಅಂತರರಾಷ್ಟ್ರೀಯ ಒಡಂಬಡಿಕೆ ಮಾಡಿತು. ಕಲ್ಲಿನ ಗುಡಿ, ಕೋಟೆಗಳಂತೆ ಕೈಯಿಂದ ಮುಟ್ಟಲು ಬಾರದ ಪರಂಪರೆಯಾದ್ದರಿಂದ ಇದಕ್ಕೆ ‘ಅಮೂರ್ತ ಪರಂಪರೆ’ ಎಂಬ ಹೆಸರು. ಭಾರತ 2005ರಲ್ಲಿ ಇದನ್ನು ಒಪ್ಪಿತು, ನೆದರ್‌ಲೆಂಡ್ಸ್ 2012ರಲ್ಲಿ. ನೆದರ್‌ಲೆಂಡ್ಸ್‌ನಲ್ಲಿ ಒಂದು ರಾಷ್ಟ್ರೀಯ ಪಟ್ಟಿ ಇದೆ. ಅದಕ್ಕೆ ವಿದ್ವಾಂಸರು ಕೂತು ಹೆಸರು ಸೇರಿಸುವುದಿಲ್ಲ. ಆಚರಣೆ ಯಾರದೋ ಅವರೇ ಅರ್ಜಿ ಹಾಕಬೇಕು. ಮುಂದಿನ ಪೀಳಿಗೆಗೆ ಹೇಗೆ ದಾಟಿಸುತ್ತೀರಿ ಎಂಬ ಯೋಜನೆಯನ್ನೂ ಬರೆದು ಕೊಡಬೇಕು. ಕೆಲವು ವರ್ಷಕ್ಕೊಮ್ಮೆ ಆ ಯೋಜನೆಯಂತೆ ನಡೆಯಿತೇ ಎಂದು ಪರಿಶೀಲಿಸುತ್ತಾರೆ.

ಈ ಪಟ್ಟಿಯಲ್ಲಿ ಗಾಳಿಗಿರಣಿ ನಡೆಸುವವರ ಕಸುಬು ಇದೆ. ಅದು 2017ರಲ್ಲಿ ಯುನೆಸ್ಕೊ ಪಟ್ಟಿಗೂ ಸೇರಿತು. ವಲಸೆ ಬಂದವರ ಹಬ್ಬಕ್ಕೂ ಅಲ್ಲಿ ಜಾಗವಿದೆ. ಕೆರಿಬಿಯನ್ ದ್ವೀಪಗಳಿಂದ ಬಂದವರು 1980ರ ದಶಕದಲ್ಲಿ ರಾಟರ್‌ಡ್ಯಾಮಿನಲ್ಲಿ ಶುರುಮಾಡಿದ ಬೇಸಿಗೆ ಕಾರ್ನಿವಲ್ 2023ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು. ನಲವತ್ತೇ ವರ್ಷದ, ವಲಸಿಗರ ಮೆರವಣಿಗೆಯನ್ನು ಒಂದು ದೇಶ ‘ಇದು ನಮ್ಮ ಪರಂಪರೆ’ ಎಂದು ಜಗತ್ತಿಗೆ ಹೇಳಿಕೊಂಡಿತು. ಇದು ಸಣ್ಣ ಮಾತಲ್ಲ. ಆದರೆ ಅದೇ ದೇಶ ರಕ್ಷಣೆ ಕೊಟ್ಟ ಭಾಷೆಗಳ ಪಟ್ಟಿಯಲ್ಲಿ ಫ್ರಿಸಿಯನ್ ಇದೆ, ಲಿಂಬರ್ಗಿಶ್ ಇದೆ, ಯಿದ್ದಿಶ್ ಇದೆ, ಸರ್ನಾಮಿ ಇಲ್ಲ. ಹಬ್ಬ ಎಲ್ಲರ ಕಣ್ಣಿಗೆ ಕಾಣುತ್ತದೆ, ಅಡುಗೆಮನೆಯ ಮಾತು ಕಾಣುವುದಿಲ್ಲ.

ಇದೇ ಜನರ ಒಡಹುಟ್ಟಿದವರಂಥವರು ಮಾರಿಷಸ್‌ನಲ್ಲಿದ್ದಾರೆ. ಅಲ್ಲಿ ಮದುವೆಗೆ ಮುನ್ನ ಹೆಂಗಸರು ಕೂಡಿ ಹಾಡುವ ಭೋಜಪುರಿ ಹಾಡುಗಳ ‘ಗೀತ್ ಗವಾಯಿ’ 2016ರಲ್ಲಿ ಯುನೆಸ್ಕೊ ಪಟ್ಟಿ ಸೇರಿತು. ಹಾಡು ಬಲ್ಲ ಹಿರಿಯ ಹೆಂಗಸರನ್ನೇ ಗುರುಗಳನ್ನಾಗಿ ಮಾಡಿ ಊರೂರಿನಲ್ಲಿ ಕಲಿಸುವ ಏರ್ಪಾಟು ಮಾಡಿದ್ದು ಅಲ್ಲಿನವರ ಜಾಣತನ.

ಕೊರಿಯದವರ ಉದಾಹರಣೆ ಇನ್ನೂ ದೊಡ್ಡದು. 1937ರಲ್ಲಿ ಸ್ಟಾಲಿನ್ ಸರಕಾರ ಸೋವಿಯತ್ ದೇಶದ ಪೂರ್ವ ಗಡಿಯಲ್ಲಿದ್ದ ಸುಮಾರು 1,70,000 ಕೊರಿಯನ್ನರನ್ನು ರೈಲಿಗೆ ತುಂಬಿ ಮಧ್ಯ ಏಷ್ಯಾಕ್ಕೆ ಸಾಗಿಸಿತು. ಅಲ್ಲಿ ಅವರ ಕಿಮ್ಚಿ ಉಪ್ಪಿನಕಾಯಿಗೆ ಬೇಕಾದ ಎಲೆಕೋಸು ಸಿಗಲಿಲ್ಲ. ಕ್ಯಾರೆಟ್ ಸಿಕ್ಕಿತು, ಅದನ್ನೇ ಹೆರೆದು, ಖಾರ ಹಾಕಿ ಹೊಸ ಉಪ್ಪಿನಕಾಯಿ ಮಾಡಿದರು. ಅವರ ನಾಟಕ ಮಂಡಳಿ ಅವರ ಜೊತೆಗೇ ಸಾಗಿತು. ಅದು ಇಂದಿಗೂ ಕಜಕಿಸ್ತಾನದಲ್ಲಿ ಆಡುತ್ತಿದೆ. 1938ರಲ್ಲಿ ಶುರುವಾದ ಅವರ ಕೊರಿಯನ್ ಪತ್ರಿಕೆ ಹೆಸರು ಬದಲಿಸಿಕೊಂಡು ಉಳಿದಿದೆ. ಆದರೆ ಮೊಮ್ಮಕ್ಕಳ ಮನೆಮಾತು ರಷ್ಯನ್. ನೆದರ್‌ಲೆಂಡ್ಸ್‌ನಲ್ಲೂ ಕೊರಿಯನ್ನರಿದ್ದಾರೆ: ಮಗುವಾಗಿದ್ದಾಗಲೇ ಡಚ್ ಕುಟುಂಬಗಳು ದತ್ತು ತಂದ ನಾಲ್ಕು ಸಾವಿರಕ್ಕೂ ಹೆಚ್ಚು ಜನ. ತಾಯಿಯ ಮಾತು ಕಿವಿಗೆ ಬೀಳುವ ಮುನ್ನವೇ ದೂರ ಹೋದವರು ಇವರು. ದೊಡ್ಡವರಾದ ಮೇಲೆ ಒಂದು ಸಂಘ ಕಟ್ಟಿಕೊಂಡು, ಅದಕ್ಕೆ ತಮ್ಮ ನಾಡಿನ ಜನಪದ ಹಾಡು ‘ಅರಿರಂಗ್’ನ ಹೆಸರಿಟ್ಟರು. ಕಲಿಯದೆ ಹೋದದ್ದನ್ನು ಹುಡುಕಿಕೊಂಡು ಹೋಗುವ ಕಷ್ಟ ಎಂಥದೆಂದು ಅವರನ್ನು ನೋಡಿ ತಿಳಿಯಬೇಕು.

ನಮ್ಮ ಲೆಕ್ಕ

ಈಗ ನಮ್ಮ ಕಡೆಗೆ ಬರೋಣ. ಕಂತ್ರಾಕಿಗಳಿಗೂ ನಮಗೂ ಒಂದು ದೊಡ್ಡ ವ್ಯತ್ಯಾಸವಿದೆ. ಅವರಿಗೆ ಉಳಿಯಲು ನೆಲ ಸಿಕ್ಕಿತು, ಪೌರತ್ವ ಸಿಕ್ಕಿತು. ನಮ್ಮಲ್ಲಿ ಹೆಚ್ಚಿನವರಿಗೆ ವೀಸಾ ಇರುವವರೆಗೆ ಮಾತ್ರ ಈ ನೆಲ. ‘ಹೇಗೂ ಊರಿಗೆ ಹೋಗುತ್ತೇವಲ್ಲ, ಅಲ್ಲಿ ಎಲ್ಲವೂ ಇದೆಯಲ್ಲ’ ಎಂಬ ಧೈರ್ಯದಲ್ಲಿ ನಾವಿದ್ದೇವೆ. ಈ ಧೈರ್ಯವನ್ನೇ ಸ್ವಲ್ಪ ತಟ್ಟಿ ನೋಡಬೇಕು. ಇಲ್ಲಿ ಹುಟ್ಟಿ ಬೆಳೆದ ಮಗು ಹದಿನೆಂಟು ವರ್ಷಕ್ಕೆ ಊರಿಗೆ ಹೋಗುವಾಗ ಕನ್ನಡ ಓದಲು ಬಾರದೆ ಹೋಗುತ್ತದೆ. ನಾವು ಬಿಟ್ಟುಬಂದ ಊರೂ ನಮಗಾಗಿ ಕಾದು ಕೂತಿಲ್ಲ. ನಾಟಿ ಹಾಡು ಹಾಡುತ್ತಿದ್ದ ಗದ್ದೆಗಳಲ್ಲಿ ಅಡಿಕೆ ತೋಟ ಎದ್ದಿದೆ, ಹಾಡು ಬಲ್ಲ ಅಜ್ಜಿಯಂದಿರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ.

ನಮ್ಮ ‘ಮಾತು’ ಎಂಬುದೂ ಒಂದಲ್ಲ. ನಮ್ಮ ಕೂಟಗಳಲ್ಲಿ ಕನ್ನಡ ಮನೆಮಾತಿನವರ ಜೊತೆಗೆ ತುಳುವರಿದ್ದಾರೆ, ಬ್ಯಾರಿಗಳಿದ್ದಾರೆ, ಕೊಂಕಣಿಗರಿದ್ದಾರೆ, ಭಟ್ಕಳದ ನವಾಯತರಿದ್ದಾರೆ, ಕೊಡವರಿದ್ದಾರೆ. ಸರ್ನಾಮಿಗೆ ಆದ ಅವಮಾನ ನಮ್ಮಲ್ಲಿ ಹಲವರ ಮನೆಮಾತಿಗೂ ಆಗಿದೆ. ಬ್ಯಾರಿ ಮಾತನ್ನು ಮಲಯಾಳದ ಮುರುಕು ರೂಪ ಎಂದವರಿದ್ದರು. 2009ರಲ್ಲಿ ಕರ್ನಾಟಕದಲ್ಲಿ ಬ್ಯಾರಿ ಸಾಹಿತ್ಯ ಅಕಾಡೆಮಿ ಆಯಿತು. 2011ನೇ ಸಾಲಿನ ರಾಷ್ಟ್ರೀಯ ಪ್ರಶಸ್ತಿಗಳಲ್ಲಿ ‘ಬ್ಯಾರಿ’ ಎಂಬ ಚಿತ್ರಕ್ಕೆ ಅತ್ಯುತ್ತಮ ಚಿತ್ರದ ಗೌರವ ಸಿಕ್ಕಿತು. ಕಾಸರಗೋಡಿನ ನಮ್ಮ ಬಂಧುಗಳಿಗೆ 1956ರಿಂದ ಗಡಿಯ ಆಚೆ ಉಳಿದ ನೋವು ಗೊತ್ತು. ತೆಂಕುತಿಟ್ಟು ಯಕ್ಷಗಾನಕ್ಕೆ ರೂಪ ಕೊಟ್ಟನೆಂದು ನಾವು ನೆನೆಯುವ ಪಾರ್ತಿಸುಬ್ಬ ಅದೇ ಕುಂಬಳೆ ಸೀಮೆಯವನು. ರಾಜ್ಯದ ಗೆರೆ ಬದಲಾದರೂ ಅಲ್ಲಿ ಆಟ ನಿಂತಿಲ್ಲ, ಯಾಕೆಂದರೆ ಹರಕೆಗೆ ಆಟ ಬೇಕು, ಊರಿಗೆ ಆಟ ಬೇಕು.

ನಾವು ಕೊಲ್ಲಿಯಲ್ಲಿ ಏನು ಮಾಡುತ್ತಿದ್ದೇವೆ? ಯಕ್ಷಗಾನ ಕಲಿಸುತ್ತೇವೆ, ರಾಜ್ಯೋತ್ಸವ ಮಾಡುತ್ತೇವೆ, ಊರಿನಿಂದ ಕಲಾವಿದರನ್ನು ಕರೆಸುತ್ತೇವೆ. ಹೆಮ್ಮೆಯ ಸಂಗತಿಯೇ. ಆದರೆ ವೇಷ ಹಾಕಿದ ನಮ್ಮ ಮಕ್ಕಳು ಅರ್ಥದ ಮಾತನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡು ಬಾಯಿಪಾಠ ಮಾಡುವುದನ್ನು ನಾವೆಲ್ಲ ಕಂಡಿದ್ದೇವೆ. ಕುಣಿತ ಉಳಿಯುತ್ತದೆ, ಮಾತು ಜಾರುತ್ತದೆ. ಹೇಗ್ ನಗರದಲ್ಲಿ ನಡೆದದ್ದೂ ಇದೇ. ತಾಳಮದ್ದಳೆಯಲ್ಲಿ ಎದುರಾಳಿಯ ಮಾತಿಗೆ ಅಲ್ಲೇ ಮಾತು ಹುಟ್ಟಿಸಿ ಕೊಡುವುದು ಬಾಯಿಪಾಠದಿಂದ ಬರುವುದಿಲ್ಲ. ಅದಕ್ಕೆ ಮನೆಯಲ್ಲಿ ಆ ಮಾತು ಆಡಬೇಕು.

ಇನ್ನೊಂದು ಸಂಗತಿಯನ್ನು ನಾವು ಮರೆತೇಬಿಟ್ಟಿದ್ದೇವೆ. ಸುರಿನಾಮಿನಲ್ಲಿ ಹಾಡನ್ನು ಉಳಿಸಿದವರು ಪಂಡಿತರಲ್ಲ, ಕಬ್ಬು ಕಡಿಯುವ ಆಳುಗಳು. ನಮ್ಮಲ್ಲೂ ನಿಜವಾದ ಭಂಡಾರ ಲೇಬರ್ ಕ್ಯಾಂಪುಗಳಲ್ಲಿದೆ. ಊರಿನ ಭಜನಾ ಮಂಡಳಿಯಲ್ಲಿ ಮೃದಂಗ ಬಾರಿಸುತ್ತಿದ್ದವನು ಇಲ್ಲಿ ಸ್ಟೋರ್‌ಕೀಪರ್. ಡೊಳ್ಳು ಕುಣಿಯುತ್ತಿದ್ದವನು ಕ್ರೇನ್ ಓಡಿಸುತ್ತಾನೆ. ತಾಯಿಯಿಂದ ಇಪ್ಪತ್ತು ಪಾಡ್ದನ ಕೇಳಿ ಬೆಳೆದವನು ಸೂಪರ್‌ಮಾರ್ಕೆಟ್ಟಿನಲ್ಲಿ ಗೋಣಿ ಎತ್ತುತ್ತಾನೆ. ಅವರಲ್ಲಿ ಹೆಚ್ಚಿನವರಿಗೆ ಸಂಸಾರವನ್ನು ಕರೆತರುವಷ್ಟು ಸಂಬಳವಿಲ್ಲ. ಕಲಿಸಲು ವಿದ್ಯೆ ಅವರಲ್ಲಿದೆ, ಎದುರಿಗೆ ಮಕ್ಕಳಿಲ್ಲ. ಇತ್ತ ಫ್ಲ್ಯಾಟಿನಲ್ಲಿ ಮಕ್ಕಳಿದ್ದಾರೆ, ಹೇಳಿಕೊಡುವವರಿಲ್ಲ. ಈ ಎರಡನ್ನು ಒಂದೇ ಚಾಪೆಯ ಮೇಲೆ ಕೂರಿಸುವುದು ಕೂಟ ಮಾಡಬಹುದಾದ ಎಲ್ಲಕ್ಕಿಂತ ದೊಡ್ಡ ಕೆಲಸ. ವಾರ್ಷಿಕೋತ್ಸವಕ್ಕೆ ಕುರ್ಚಿ ಜೋಡಿಸಲು ಮಾತ್ರ ಆ ಸೋದರರನ್ನು ಕರೆಯುವುದು ನಿಲ್ಲಲಿ; ಚಾಪೆಯ ಮೇಲಿನ ಗುರುವಿನ ಜಾಗ ಅವರದಾಗಲಿ.

ಮಾಡಬಹುದಾದ ಮೂರು ಕೆಲಸಗಳು

ಮೊದಲನೆಯದು ಬಹಳ ಸುಲಭ. ವಾರಕ್ಕೊಮ್ಮೆ ಊರಿಗೆ ಕರೆ ಮಾಡುತ್ತೇವಲ್ಲ, ಮುಂದಿನ ಸಲ ಅಮ್ಮನ ಹತ್ತಿರ ಸಕ್ಕರೆ ಕಾಯಿಲೆಯ ಮಾತ್ರೆ ತೆಗೆದುಕೊಂಡಿರಾ ಎಂದು ಕೇಳಿದ ಮೇಲೆ, ‘ಅಮ್ಮಾ, ಅಕ್ಕನ ಮದುವೆಯಲ್ಲಿ ಹಾಡಿದ್ದಿಯಲ್ಲ, ಆ ಹಾಡು ಒಮ್ಮೆ ಹೇಳು’ ಎಂದು ಕೇಳೋಣ. ಸೋಬಾನೆ ಇರಲಿ, ಬೀಸುವ ಪದವಿರಲಿ, ಪಾಡ್ದನವಿರಲಿ, ರೋಸ್ ದಿನದ ವೋವಿಯೊ ಇರಲಿ, ಬ್ಯಾರಿ ಮದುವೆಯ ಹಾಡಿರಲಿ. ಫೋನಿನಲ್ಲೇ ಮುದ್ರಿಸಿ, ಯಾರ ದನಿ, ಯಾವ ಊರು, ಯಾವ ಸಂದರ್ಭದ ಹಾಡು ಎಂದು ಕೆಳಗೆ ಬರೆದಿಡೋಣ. ಆ ಮೂರು ಸಾಲಿನ ವಿವರ ಇಲ್ಲದಿದ್ದರೆ ಇಪ್ಪತ್ತು ವರ್ಷದ ಮೇಲೆ ಅದು ಯಾರದೋ ದನಿ ಮಾತ್ರ.

ಬರೆದಿಡುವುದರ ಬೆಲೆಯನ್ನು ಸುರಿನಾಮಿನ ದಾಖಲೆಗಳೇ ಹೇಳುತ್ತವೆ. ಡಚ್ ಅಧಿಕಾರಿಗಳು ಪ್ರತಿಯೊಬ್ಬ ಕೂಲಿಯ ಹೆಸರು, ತಂದೆಯ ಹೆಸರು, ಹಳ್ಳಿ, ಹಡಗು, ಮೈಮೇಲಿನ ಗುರುತು ಎಲ್ಲವನ್ನೂ ಬರೆದಿಟ್ಟಿದ್ದರು. ಅದು ಆಳುಗಳ ಲೆಕ್ಕಕ್ಕೆಂದು ಬರೆದದ್ದು. ಇಂದು ಆ ದಾಖಲೆಗಳು ಕಂಪ್ಯೂಟರಿಗೆ ಬಂದು, ಹೇಗ್‌ನಲ್ಲಿ ಕೂತ ಮೊಮ್ಮಗಳು ಅಜ್ಜನ ಹಳ್ಳಿಯನ್ನು ಹುಡುಕಬಹುದು. ಈ ಬಗೆಯ ದಾಖಲೆಗಳನ್ನು ಯುನೆಸ್ಕೊ 2011ರಲ್ಲಿ ಜಗತ್ತಿನ ನೆನಪಿನ ಪಟ್ಟಿಗೆ ಸೇರಿಸಿತು. 2023ರ ಜೂನ್‌ನಲ್ಲಿ, ಮೊದಲ ಹಡಗು ತಲುಪಿ 150 ವರ್ಷವಾದಾಗ ಪಾರಾಮಾರಿಬೊಗೆ ಹೋದ ನಮ್ಮ ರಾಷ್ಟ್ರಪತಿ ದ್ರೌಪದಿ ಮುರ್ಮು ಅವರು, ಸುರಿನಾಮಿನ ಭಾರತೀಯ ಮೂಲದವರಿಗೆ ಸಾಗರೋತ್ತರ ಭಾರತೀಯ ಕಾರ್ಡ್ ಪಡೆಯುವ ಅರ್ಹತೆಯನ್ನು ನಾಲ್ಕನೇ ತಲೆಮಾರಿನಿಂದ ಆರನೇ ತಲೆಮಾರಿಗೆ ವಿಸ್ತರಿಸಿದ ತೀರ್ಮಾನವನ್ನು ಪ್ರಕಟಿಸಿದರು. ಮೂಲ ತೋರಿಸಲು ಅವರ ಕೈಯಲ್ಲಿರುವ ದೊಡ್ಡ ಆಧಾರ ಆ ಹಳೆಯ ದಾಖಲೆ. ಕೊಲ್ಲಿಯ ಕನ್ನಡ ಕೂಟಗಳು ಯಾವಾಗ ಹುಟ್ಟಿದವು, ಮೊದಲ ಸಭೆ ಯಾರ ಮನೆಯಲ್ಲಾಯಿತು, ಮೊದಲ ಆಟ ಎಲ್ಲಿ ನಡೆಯಿತು ಎಂಬುದನ್ನು ನಮ್ಮ ಹಿರಿಯರು ಊರಿಗೆ ಮರಳುವ ಮುನ್ನ ಕೇಳಿ ಬರೆದುಕೊಳ್ಳುವುದು ಎರಡನೆಯ ಕೆಲಸ.

ಮೂರನೆಯದು ಕಷ್ಟದ್ದು. ಮಕ್ಕಳೊಡನೆ ಮನೆಮಾತಿನಲ್ಲಿ ಮಾತಾಡುವುದು. ಇದಕ್ಕೆ ಸಭಾಂಗಣ ಬೇಡ, ಪ್ರಾಯೋಜಕರು ಬೇಡ, ಹಾರ–ಶಾಲು ಬೇಡ. ಕೆಲಸದಿಂದ ದಣಿದು ಬಂದ ರಾತ್ರಿ, ಮಗು ಇಂಗ್ಲಿಷಿನಲ್ಲಿ ಕೇಳಿದ್ದಕ್ಕೆ ನಾವು ನಮ್ಮ ಮಾತಿನಲ್ಲಿ ಉತ್ತರ ಕೊಡಬೇಕು. ನಾಳೆಯೂ, ನಾಳಿದ್ದೂ. ಸರ್ನಾಮಿಗೆ ಕಾದಂಬರಿ ಸಿಕ್ಕಿತು, ವ್ಯಾಕರಣ ಸಿಕ್ಕಿತು, ರೇಡಿಯೊ ಸಿಕ್ಕಿತು. ಊಟದ ಹೊತ್ತಿನ ಮಾತಾಗಿ ಮಾತ್ರ ಅದು ಉಳಿಯಲಿಲ್ಲ. ಪುಸ್ತಕಗಳು ಒಂದು ಕಡೆಯ ಕೆಲಸವನ್ನು ಮಾಡಿದವು, ಇನ್ನೊಂದು ಕಡೆಯ ಕೆಲಸ ಮನೆಯದಾಗಿತ್ತು.

ಕಲ್ಕತ್ತೆಯ ಗಾರ್ಡನ್ ರೀಚ್‌ನಲ್ಲಿ, ಹಡಗುಗಳು ಹೊರಟ ಜಾಗದಲ್ಲಿ, 2015ರಿಂದ ಒಂದು ಸ್ಮಾರಕವಿದೆ. ಅಪ್ಪ, ಅವ್ವ, ಕೈಯಲ್ಲೊಂದು ಸಣ್ಣ ಗಂಟು. ಅದರ ಮೂಲ ಪ್ರತಿಮೆ 1994ರಿಂದ ಪಾರಾಮಾರಿಬೊದಲ್ಲಿದೆ. ಆ ಗಂಟಿನಲ್ಲಿ ಬಟ್ಟೆ ಎಷ್ಟಿತ್ತೋ ತಿಳಿಯದು. ಹಾಡು ಮಾತ್ರ ಅವರ ಬಾಯಲ್ಲಿತ್ತು. ಐದು ತಲೆಮಾರು ಕಳೆದರೂ ಜೂನ್ 5ರಂದು ಹೇಗ್ ನಗರದಲ್ಲಿ ಅವರ ಮೊಮ್ಮಕ್ಕಳು ಕೂಡುತ್ತಾರೆ, ಹಾಡುತ್ತಾರೆ, ಅರ್ಥ ತಿಳಿಯದ ಕಡೆ ಹಿರಿಯರ ಮುಖ ನೋಡುತ್ತಾರೆ.

ನಮ್ಮ ಮಕ್ಕಳು ಹಾಗೆ ಮುಖ ನೋಡಿದಾಗ ಅರ್ಥ ಹೇಳಲು ನಾವಿನ್ನೂ ಇದ್ದೇವೆ. ಈ ಸಂಚಿಕೆಯನ್ನು ಮಡಚಿಡುವ ಮುನ್ನ ಊರಿಗೆ ಒಂದು ಕರೆ ಮಾಡೋಣ.